ಬಿರುಕಿನೊಳಗೆ ಬಿಳಿ ಬಣ್ಣ

ನಮ್ಮದು ಕೋಲಾರದ ಹೊರವಲಯದಲ್ಲಿ ವೆಲ್ಡಿಂಗ್ ಮತ್ತು ಬಾಡಿ ಕೆಲಸದ ಅಂಗಡಿ. ಅಪ್ಪ ನಡೆಸುತ್ತಿದ್ದ ಕಾಲಕ್ಕೆ ಇಲ್ಲಿಗೆ ಬರುತ್ತಿದ್ದ ಪಿಕಪ್‌ಗಳು ವರ್ಷಾನುಗಟ್ಟಲೆ ದುಡಿದು ಸವೆದವು. ತಗಡನ್ನು ತುಕ್ಕು ತಿಂದು ಕೆಳಗಿನ ರಸ್ತೆ ಕಾಣುತ್ತಿತ್ತು, ಕಮಾನು ಪಟ್ಟಿ ಕುಸಿದಿರುತ್ತಿತ್ತು. ಅಂಥ ಗಾಡಿಗಳಿಗೆ ತೇಪೆ ಹಾಕುವುದೇ ನಮ್ಮ ಅನ್ನವಾಗಿತ್ತು. ಈಗ ಬರುವ ಕೆಲವು ಗಾಡಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ, ಸಾಲದ ಕಂತು ಈಗಷ್ಟೇ ಶುರುವಾಗಿದೆ, ಆಗಲೇ ಹಿಂದಿನ ಬಾಡಿ ಬಿರುಕು ಬಿಟ್ಟಿದೆ, ಹಿಂಬಾಗಿಲಿನ ಕೀಲು ಜೋತು ಬಿದ್ದಿದೆ.

2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ನಮ್ಮ ಸುತ್ತಿನ ಎಷ್ಟೋ ರೈತರು ಹೊಸ ಪಿಕಪ್ ಕೊಳ್ಳುವ ಧೈರ್ಯ ಮಾಡಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಒಂದು ಗಾಡಿಯ ವಿಷಯವನ್ನು ವಿವರವಾಗಿ ಹೇಳಬೇಕು. ಮಾಲೀಕರು ಮುಳಬಾಗಿಲು ಕಡೆಯ ಟೊಮೆಟೊ ಬೆಳೆಗಾರರು. ಚಾಲಕರೂ ಅವರೇ. ತಮ್ಮ ತೋಟದ ಮಾಲಿನ ಜೊತೆಗೆ ಅಕ್ಕಪಕ್ಕದವರ ಮಾಲನ್ನೂ ಬಾಡಿಗೆಗೆ ಹೊತ್ತು ಕೋಲಾರದ ಎಪಿಎಂಸಿಗೆ ತರುತ್ತಾರೆ. ಗಾಡಿ ಕೊಂಡು ವರ್ಷ ತುಂಬುವ ಮೊದಲೇ ಬಾಡಿಯ ನೆಲದ ಕೆಳಗಿನ ಅಡ್ಡಪಟ್ಟಿ ಬಾಯಿ ಬಿಟ್ಟಿತು. ಸರ್ವಿಸ್ ಸೆಂಟರ್‌ಗೆ ಒಯ್ದರೆ, ಗಾಡಿಯ ಕೆಳಗೆ ಬಗ್ಗಿಯೂ ನೋಡದೆ, "ಓವರ್‌ಲೋಡ್ ಮಾಡಿದ್ದೀಯ, ವಾರಂಟಿ ಬರುವುದಿಲ್ಲ" ಎಂದು ಚೀಟಿ ಬರೆದು ಕೊಟ್ಟರು. ಪಕ್ಕದಲ್ಲೇ ಕಾರು ತಂದವರಿಗೆ ಕುರ್ಚಿ, ಕಾಫಿ, ಬಹುವಚನ. ಇವರಿಗೆ ಏಕವಚನ.

"ಅಣ್ಣ, ಬೇಗ ಒಂದು ವೆಲ್ಡಿಂಗ್ ಹೊಡೆದುಕೊಡಿ, ನಾಳೆ ಬೆಳಿಗ್ಗೆ ಮಂಡಿಗೆ ಹೋಗಬೇಕು" ಎಂದು ನನ್ನ ಹತ್ತಿರ ಬಂದರು.

ನಾನು ಕೆಳಗೆ ಮಲಗಿ ದೀಪ ಹಿಡಿದು ನೋಡಿದೆ. ಬೆಸುಗೆ ಸರಿಯಾಗಿ ಕೂತಿದ್ದರೆ ಎರಡು ಕಡೆಯ ಲೋಹವೂ ಕರಗಿ ಒಂದಾಗಿರುತ್ತದೆ. ಅಂಥ ಜಾಗದ ಮೇಲೆ ಮಿತಿಮೀರಿದ ಭಾರ ಬಿದ್ದರೆ ಸಾಮಾನ್ಯವಾಗಿ ಬೆಸುಗೆ ಬಿಡುವುದಿಲ್ಲ, ಅದರ ಪಕ್ಕದ ತಗಡು ಹರಿಯುತ್ತದೆ. ಹರಿದ ಅಂಚು ಒರಟಾಗಿ, ಎಳೆದಾಡಿದಂತೆ ಬಾಗಿರುತ್ತದೆ. ಇಲ್ಲಿ ಹಾಗಿರಲಿಲ್ಲ. ಗೋಡೆಗೆ ತಟ್ಟಿದ ಬೆರಣಿ ಒಣಗಿದ ಮೇಲೆ ಇಡಿಯಾಗಿ ಕಿತ್ತು ಬರುವಂತೆ ಬೆಸುಗೆಯ ಗೆರೆ ಒಂದು ಕಡೆಯಿಂದ ಇಡಿಯಾಗಿ ಕಿತ್ತು ಬಂದಿತ್ತು. ಅದರ ಅಡಿಯಲ್ಲಿದ್ದ ಅಡ್ಡಪಟ್ಟಿಯ ಅಂಚು ಕಾರ್ಖಾನೆಯಲ್ಲಿ ಕತ್ತರಿಸಿದಾಗ ಹೇಗಿತ್ತೋ ಹಾಗೆಯೇ ನೇರವಾಗಿ, ನುಣುಪಾಗಿ ಉಳಿದಿತ್ತು. ಲೋಹ ಕರಗಿದ ಗುರುತೇ ಇರಲಿಲ್ಲ.

ಇನ್ನೂ ಮುಖ್ಯವಾದದ್ದು ಬಿರುಕಿನ ಒಳಗಿತ್ತು. ಬಟ್ಟೆಯಿಂದ ಧೂಳು ಒರೆಸಿ ನೋಡಿದರೆ ಸಂದಿಯ ಒಳಮೈಗೆ ಬಿಳಿ ಬಣ್ಣ ಹರಿದು ಒಣಗಿತ್ತು. ಆ ಗಾಡಿಯ ಬಣ್ಣವೂ ಬಿಳಿಯೇ. ಬಿರುಕು ರಸ್ತೆಯ ಮೇಲೆ ಬಿಟ್ಟಿದ್ದರೆ ಅದರೊಳಗೆ ಬರಿಯ ಲೋಹ, ಇಲ್ಲವೇ ತುಕ್ಕು ಇರಬೇಕಿತ್ತು. ಬಣ್ಣ ಹೇಗೆ ಬರುತ್ತದೆ? ಬಣ್ಣ ಹೊಡೆಯುವ ಹೊತ್ತಿಗೇ ಆ ಸಂದಿ ತೆರೆದಿತ್ತು. ಬೆಸುಗೆ ಹಿಡಿಯದ ಬಾಡಿಯ ಮೇಲೆ ಬಣ್ಣ ಬಳಿದು, ಪರೀಕ್ಷೆ ಮಾಡಿದವರು ಸಹಿ ಹಾಕಿ, ಈ ಮನುಷ್ಯನಿಗೆ ಮಾರಿದ್ದರು.

ನಾನು ವೆಲ್ಡಿಂಗ್ ಹಾಕಲಿಲ್ಲ. ಹಾಕಿದ್ದರೆ ಆ ಬಣ್ಣ ಸುಟ್ಟುಹೋಗಿ ಅವರ ಬಳಿಯಿದ್ದ ಏಕೈಕ ಸಾಕ್ಷಿಯೂ ಇಲ್ಲವಾಗುತ್ತಿತ್ತು. ಹೊರಗಿನವರು ಕೈ ಹಾಕಿದ್ದಾರೆ ಎಂದು ಕಂಪನಿಗೆ ಇನ್ನೊಂದು ನೆಪವೂ ಸಿಗುತ್ತಿತ್ತು. ಅಳತೆಪಟ್ಟಿ ಪಕ್ಕದಲ್ಲಿಟ್ಟು, ನಂಬರ್ ಪ್ಲೇಟ್ ಮತ್ತು ಚಾಸಿ ನಂಬರ್ ಕಾಣುವಂತೆ ಫೋಟೊ ತೆಗೆದೆವು. ಮಂಡಿಗೆ ಹೋಗಲು ಅವರು ಬೇರೆ ಗಾಡಿ ಬಾಡಿಗೆಗೆ ಹಿಡಿದರು. ಸುಗ್ಗಿಯಲ್ಲಿ ಸ್ವಂತ ಗಾಡಿ ನಿಲ್ಲಿಸಿ ಬಾಡಿಗೆ ಕೊಡುವ ಸಂಕಟ ಎಷ್ಟೆಂದು ಟೊಮೆಟೊ ಬೆಳೆದವರಿಗೆ ಹೇಳಬೇಕಿಲ್ಲ.

ಓವರ್‌ಲೋಡ್ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. 15 ಕೆ.ಜಿ. ಟೊಮೆಟೊದ ನೂರು ಬಾಕ್ಸ್ ಎಂದರೆ ಒಂದೂವರೆ ಟನ್. ಬಾಕ್ಸ್‌ಗಳ ತೂಕ ಬೇರೆ. ನಮ್ಮ ಕಡೆಯ ಪಿಕಪ್‌ಗಳಿಗೆ ಅಲ್ಲಿಗೇ ಮಿತಿ ಹತ್ತಿರವಾಗುತ್ತದೆ. ಅದರ ಮೇಲೆ ಇನ್ನೆರಡು ಸಾಲು ಏರಿಸುವವರು ನಮ್ಮಲ್ಲಿ ಇದ್ದಾರೆ, ಹಾಗೆ ಮಾಡಿ ಕಮಾನು ಪಟ್ಟಿ ಮುರಿದುಕೊಂಡವರಿಗೆ ನಾನೇ ಬುದ್ಧಿ ಹೇಳಿ ಕಳಿಸಿದ್ದೇನೆ. ಆದರೆ ಲೋಹ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಹರಿದ ತಗಡು ಬೇರೆ, ಹಿಡಿಯದ ಬೆಸುಗೆ ಬೇರೆ. ಎರಡನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯ.

ಹೊಸ ಪಿಕಪ್‌ಗಳಲ್ಲಿ ನಾನು ಕಾಣುವ ದೋಷಗಳು ಬಹುತೇಕ ಹೀಗೆ ಅಗ್ಗದ ಜಾಗಗಳಲ್ಲೇ ಇರುತ್ತವೆ. ನೆಲದ ತಗಡು ಪಕ್ಕದ ತಗಡನ್ನು ಸೇರುವ ಮೂಲೆಯಲ್ಲಿ ಸಂದಿ ಮುಚ್ಚುವ ಸೀಲರ್ ಎಲ್ಲೋ ಇದೆ, ಎಲ್ಲೋ ಇಲ್ಲ. ಕೊಳೆತ ಟೊಮೆಟೊದ ರಸ ಹುಳಿ. ಅದು ಆ ಸಂದಿಯಲ್ಲಿ ಇಳಿದು ನಿಂತರೆ ತುಕ್ಕಿಗೆ ಕರೆದು ಔತಣ ಕೊಟ್ಟಹಾಗೆ. ಹಿಂದಿನ ದೀಪಕ್ಕೆ ಹೋಗುವ ವೈರಿಂಗ್ ಚಾಸಿಯ ಹರಿತ ಅಂಚಿನ ಮೇಲೆ ಹಾಯುತ್ತದೆ, ಅಲ್ಲಿ ಹಿಡಿದಿಡುವ ಕ್ಲಿಪ್ಪೇ ಇರುವುದಿಲ್ಲ. ಅಲುಗಾಡಿ ಅಲುಗಾಡಿ ಮೇಲಿನ ಹೊದಿಕೆ ಸವೆದು, ಒಂದು ರಾತ್ರಿ ಫ್ಯೂಸ್ ಹೋಗಿ ಹಿಂದಿನ ದೀಪಗಳೆಲ್ಲ ಆರುತ್ತವೆ. ಕತ್ತಲಲ್ಲಿ ಮಂಡಿಗೆ ಹೊರಡುವ ಗಾಡಿಗೆ ಅದು ಪ್ರಾಣದ ಪ್ರಶ್ನೆ.

ಎಂಜಿನ್ ಬಗ್ಗೆ ನನ್ನ ಮಾತು ಬೇರೆ. "ಹಳೆಯ ಗಾಡಿಯೇ ಗಟ್ಟಿ, ಬಿಎಸ್-6 ಬಂದು ಎಲ್ಲ ಕೆಟ್ಟಿತು" ಎನ್ನುವವರ ಜೊತೆ ನಾನು ಒಪ್ಪುವುದಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಂತ್ರಣದ ನಿಯಮ ಬಂತು, ಡೀಸೆಲ್‌ನಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಅಂಗಡಿಯ ಮುಂದೆ ದಿನವಿಡೀ ಹೊಗೆ ಕುಡಿದ ನಮಗೆ ಆ ಬದಲಾವಣೆಯ ಬೆಲೆ ಗೊತ್ತು. ತೊಂದರೆ ಇರುವುದು, ಹೊಸ ಎಂಜಿನ್ ಕೇಳುವುದೇನು ಎಂಬುದನ್ನು ಮಾರುವವರು ಹೇಳದಿರುವುದರಲ್ಲಿ. ಡೀಸೆಲ್ ಪಿಕಪ್‌ನ ಹೊಗೆ ಕೊಳವೆಯ ದಾರಿಯಲ್ಲಿ ಡಿಪಿಎಫ್ ಎಂಬ ಸೋಸುಕ ಇರುತ್ತದೆ. ಅದು ಮಸಿಯನ್ನು ಹಿಡಿದಿಟ್ಟುಕೊಂಡು, ತುಂಬಿದಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟು ಬೂದಿ ಮಾಡುತ್ತದೆ. ಆ ಶಾಖ ಬರಬೇಕಾದರೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ವೇಗದಲ್ಲಿ ಓಡಬೇಕು. ನಮ್ಮ ಗಾಡಿಗಳು ತೋಟದ ಕಾಲುದಾರಿಯಲ್ಲಿ ತೆವಳುತ್ತವೆ, ಮಂಡಿಯ ಗೇಟಿನಲ್ಲಿ ಎಂಜಿನ್ ಆಡಿಸಿಕೊಂಡು ನಿಲ್ಲುತ್ತವೆ, ನಾಲ್ಕು ಕಿಲೋಮೀಟರ್ ಹೋಗಿ ಆಫ್ ಆಗುತ್ತವೆ.

ಆಗ ಏನಾಗುತ್ತದೆ? ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹಲವು ಎಂಜಿನ್‌ಗಳಲ್ಲಿ ಶಾಖ ಏರಿಸಲೆಂದು ಸಿಲಿಂಡರಿಗೆ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತಾರೆ. ಅದು ಪೂರ್ತಿ ಉರಿಯದೆ ಸಿಲಿಂಡರಿನ ಗೋಡೆಯಿಂದ ಜಾರಿ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಒಬ್ಬ ಹುಡುಗ ಬಹಳ ಸಂತೋಷದಿಂದ ನನಗೆ ತೋರಿಸಿದ: "ನೋಡಿ ಅಣ್ಣ, ಹೊಸ ಗಾಡಿ ಎಂದರೆ ಹೀಗಿರಬೇಕು, ಆಯಿಲ್ ಒಂದು ಹನಿಯೂ ಕಡಿಮೆಯಾಗಿಲ್ಲ." ಕಡ್ಡಿ ಎಳೆದು ನೋಡಿದರೆ ಆಯಿಲ್ ಮೇಲಿನ ಗುರುತನ್ನೂ ದಾಟಿತ್ತು. ಬೆರಳಿಗೆ ಹಚ್ಚಿ ಉಜ್ಜಿದೆ, ನೀರಿನಂತೆ ತೆಳು. ಮೂಸಿದರೆ ಡೀಸೆಲ್ ವಾಸನೆ. ಆಯಿಲ್ ಹೆಚ್ಚಾಗುವುದೂ ಕಡಿಮೆಯಾಗುವಷ್ಟೇ ಕೆಟ್ಟದ್ದು ಎಂದು ಅವನಿಗೆ ಶೋರೂಮಿನಲ್ಲಿ ಯಾರೂ ಹೇಳಿರಲಿಲ್ಲ. ಅಂದೇ ಆಯಿಲ್ ಬದಲಾಯಿಸಲು ಕಳಿಸಿದೆ. ಹಾಗೆಯೇ ಓಡಿಸಿದ್ದರೆ ಬೇರಿಂಗ್ ಹೋಗುತ್ತಿತ್ತು, ಆಮೇಲೆ ಅದಕ್ಕೂ ಚಾಲಕನದೇ ತಪ್ಪು ಎನ್ನುತ್ತಿದ್ದರು.

ಕಾರು ಕೊಳ್ಳುವವರಿಗೆ ಹತ್ತು ಕಡೆಯಿಂದ ಮಾಹಿತಿ ಸಿಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಎಂಬ ಅಪಘಾತ ಪರೀಕ್ಷೆಯ ವ್ಯವಸ್ಥೆ ಸುರಕ್ಷತೆಯ ನಕ್ಷತ್ರ ಕೊಡುವುದು ಪ್ರಯಾಣಿಕರ ಕಾರುಗಳಿಗೆ. ಸರಕಿನ ಪಿಕಪ್ ಆ ಲೆಕ್ಕದಲ್ಲೇ ಇಲ್ಲ. ಪಿಕಪ್‌ನ ಬಾಗಿಲು ತೆಗೆದು ಮುಚ್ಚಿ ವಿಡಿಯೊ ಮಾಡುವವರೂ ಅಪರೂಪ. ಹೊಲ ಅಡವಿಟ್ಟು ಗಾಡಿ ಕೊಳ್ಳುವವನಿಗೇ ಎಲ್ಲಕ್ಕಿಂತ ಕಡಿಮೆ ಮಾಹಿತಿ, ಎಲ್ಲಕ್ಕಿಂತ ಕಡಿಮೆ ಮರ್ಯಾದೆ. ಇದು ನನ್ನನ್ನು ಬಹಳ ನೋಯಿಸುತ್ತದೆ.

ಆದರೆ ಕಾನೂನು ಅವನನ್ನು ಪೂರ್ತಿ ಕೈಬಿಟ್ಟಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಸೆಕ್ಷನ್ ಪ್ರಕಾರ, ರಸ್ತೆಯಲ್ಲಿರುವವರ ಪ್ರಾಣಕ್ಕೆ ಅಪಾಯ ತರುವ ದೋಷವಿದ್ದರೆ ಆ ಬಗೆಯ ವಾಹನಗಳನ್ನು ವಾಪಸ್ ಕರೆಸಿಕೊಳ್ಳಿ ಎಂದು ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. 2021ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ, ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತದೆ. ಕಂಪನಿಗಳು ತಾವಾಗಿಯೇ ಕರೆಸಿಕೊಂಡದ್ದೂ ಉಂಟು. 2021ರಲ್ಲಿ ಮಹೀಂದ್ರಾ ಕಂಪನಿ 29,878 ಪಿಕಪ್‌ಗಳನ್ನು, ದ್ರವ ಹಾಯುವ ಒಂದು ಕೊಳವೆಯ ಜೋಡಣೆ ಸರಿಯಿಲ್ಲದಿರಬಹುದು ಎಂದು ಕರೆಸಿ ಬದಲಾಯಿಸಿಕೊಟ್ಟಿತು. ಹಾಗೆ ಬಹಿರಂಗವಾಗಿ ಒಪ್ಪಿಕೊಂಡು ಸರಿಪಡಿಸಿದರೆ ನನ್ನಂಥವನಿಗೆ ಆ ಕಂಪನಿಯ ಮೇಲೆ ಗೌರವ ಹೆಚ್ಚುತ್ತದೆ.

ಸರ್ಕಾರದ ಆದೇಶಕ್ಕೆ ದಾರಿ ದೂರು. ಎಷ್ಟು ಮಾಲೀಕರು ದೂರು ದಾಖಲಿಸಿದ್ದಾರೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಪಿಕಪ್‌ನ ತವರಾದ ಅಮೆರಿಕದಲ್ಲಿ ಇದರ ಬಲ ಕಂಡಿದೆ. 2024ರ ಮೇ ತಿಂಗಳಲ್ಲಿ ಟೊಯೊಟಾ, ಎಂಜಿನ್ ಒಳಗೆ ಲೋಹದ ಚೂರು ಉಳಿದಿರಬಹುದೆಂದು ಟಂಡ್ರಾ ಪಿಕಪ್ ಸೇರಿ ಸುಮಾರು ಒಂದು ಲಕ್ಷ ವಾಹನಗಳನ್ನು ಕರೆಸಿತು. 2025ರ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್, 6.2 ಲೀಟರ್ ಎಂಜಿನ್‌ನ ಕ್ರ್ಯಾಂಕ್ ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡ್‌ಗಳ ದೋಷಕ್ಕಾಗಿ ಸುಮಾರು ಆರು ಲಕ್ಷ ಪಿಕಪ್ ಮತ್ತು ಎಸ್‌ಯುವಿಗಳನ್ನು ಕರೆಸಿತು. ಅದಕ್ಕೆ ಮೊದಲು ಅಲ್ಲಿ ಲೆಕ್ಕಕ್ಕೆ ಸಿಕ್ಕ ದೂರು, ಘಟನೆಗಳು 28,102. ನಮ್ಮಲ್ಲಿ ಗಾಡಿ ಕೆಟ್ಟರೆ ನನ್ನಂಥ ವೆಲ್ಡರ್ ಐನೂರು ರೂಪಾಯಿಗೆ ಮುಚ್ಚಿಬಿಡುತ್ತಾನೆ. ದೋಷವೂ ಅಲ್ಲೇ ಮುಚ್ಚಿಹೋಗುತ್ತದೆ. ಅದೇ ತಿಂಗಳು ತಯಾರಾದ ಇನ್ನೊಂದು ಗಾಡಿ ಘಾಟಿಯಲ್ಲಿ ಬಾಡಿ ಕಳಚಿಕೊಂಡರೆ ಯಾರಿಗೂ ಕಾರಣ ತಿಳಿಯುವುದಿಲ್ಲ.

ಆದ್ದರಿಂದ ದೂರು ಬರಹದಲ್ಲಿ ಕೊಡಿ ಎಂದು ಬೇಡಿಕೊಳ್ಳುತ್ತೇನೆ. ಗ್ರಾಹಕ ಸಹಾಯವಾಣಿ 1915 ಇದೆ. ವಾಹನ ದೋಷದ ದೂರನ್ನು ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ದಾಖಲಿಸಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. "ವಾಣಿಜ್ಯ ವಾಹನ, ನೀವು ಗ್ರಾಹಕರೇ ಅಲ್ಲ" ಎಂದು ಹೆದರಿಸುವವರಿದ್ದಾರೆ, ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದಾದರೆ ನೀವು ಗ್ರಾಹಕರೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಲಾರಿ ಕೊಂಡು ತಾನೇ ಓಡಿಸುವವನು ಗ್ರಾಹಕ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ, ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ, ಉದಾಹರಣೆ ಸಮೇತ ಬಿಡಿಸಿ ಹೇಳಿದೆ. ದೋಷ ಕಂಡ ಎರಡು ವರ್ಷದೊಳಗೆ ಹೋಗಬೇಕು. ಸರ್ವಿಸ್ ಸೆಂಟರಿನವರು ದೂರು ಬರೆದುಕೊಡುವ ಜಾಬ್ ಕಾರ್ಡ್, ಬಿಲ್, ಫೋಟೊ ಯಾವುದನ್ನೂ ಎಸೆಯಬೇಡಿ. ಜಾಬ್ ಕಾರ್ಡ್‌ನಲ್ಲಿ ನಿಮ್ಮ ದೂರನ್ನು ನೀವು ಹೇಳಿದಂತೆಯೇ ಬರೆಸಿ. "ಜನರಲ್ ಚೆಕಪ್" ಎಂದು ಬರೆದರೆ ಸಹಿ ಹಾಕಬೇಡಿ.

ಕೊಳ್ಳುವ ಮೊದಲಾದರೆ, ನೋಂದಣಿಗೆ ಕೊಡುವ ಮುನ್ನವೇ ಗಾಡಿಯನ್ನು ಹಗಲು ಬೆಳಕಿನಲ್ಲಿ ನೋಡಿ. ಗೊತ್ತಿರುವ ಒಬ್ಬ ವೆಲ್ಡರನ್ನೋ ಮೆಕ್ಯಾನಿಕ್ಕನ್ನೋ ಜೊತೆಗೆ ಕರೆದೊಯ್ದು ಕೆಳಗೆ ಮಲಗಿಸಿ. ಪೂಜೆ, ಹಾರ, ನಿಂಬೆಹಣ್ಣು ಆಮೇಲೆ ಇರಲಿ. ಬೆಸುಗೆಯ ಗೆರೆ ಎರಡೂ ಕಡೆ ಹರಡಿ ಕೂತಿದೆಯೇ, ಬಾಡಿಯನ್ನು ಚಾಸಿಗೆ ಹಿಡಿಸಿದ ಬೋಲ್ಟ್‌ಗಳೆಲ್ಲ ಇವೆಯೇ, ವೈರು ಎಲ್ಲಿಯಾದರೂ ಅಂಚಿಗೆ ಉಜ್ಜುತ್ತಿದೆಯೇ ಎಂದು ಅವರು ನೋಡಿಯಾರು.

ಮುಳಬಾಗಿಲಿನ ಆ ಮಾಲೀಕರಿಗೆ ಕಂಪನಿಯಿಂದ ಉತ್ತರ ಬಂದಿದೆ. ಸೌಜನ್ಯಕ್ಕಾಗಿ ಉಚಿತವಾಗಿ ರಿಪೇರಿ ಮಾಡಿಕೊಡುತ್ತಾರಂತೆ, ಮುಂದೆ ಯಾವ ದಾವೆಯನ್ನೂ ಹೂಡುವುದಿಲ್ಲ ಎಂದು ಬರೆದುಕೊಡಬೇಕಂತೆ. ಅವರು ಬರೆದುಕೊಟ್ಟಿಲ್ಲ. ಈ ನಡುವೆ ಶ್ರೀನಿವಾಸಪುರ ಕಡೆಯಿಂದ ಅದೇ ಮಾದರಿಯ ಇನ್ನೊಂದು ಪಿಕಪ್ ನಮ್ಮ ಅಂಗಡಿಗೆ ಬಂತು. ಅದೇ ಅಡ್ಡಪಟ್ಟಿ, ಅದೇ ಬದಿ, ಬಿರುಕಿನೊಳಗೆ ಅದೇ ಬಿಳಿ ಬಣ್ಣ. ಆರ್‌ಸಿ ತೆಗೆದು ನೋಡಿದರೆ ತಯಾರಾದ ತಿಂಗಳೂ ಒಂದೇ. ಅದರ ಮಾಲೀಕರಿಗೆ ಮೊದಲನೆಯವರ ಫೋನ್ ನಂಬರ್ ಕೊಟ್ಟೆ. ಒಂದೇ ಬಗೆಯ ದೋಷಕ್ಕೆ ಹಲವರು ಸೇರಿ ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ, ಇಬ್ಬರೂ ಈಗ ವಕೀಲರನ್ನು ಕಾಣುತ್ತಿದ್ದಾರೆ. ನಿಮ್ಮ ಹೊಸ ಗಾಡಿಯ ಬಿರುಕಿನೊಳಗೂ ಬಣ್ಣ ಕಂಡರೆ ದಯವಿಟ್ಟು ಮೊದಲು ಫೋಟೊ ತೆಗೆಯಿರಿ, ಆಮೇಲೆ ವೆಲ್ಡರ್ ಹತ್ತಿರ ಹೋಗಿ.