ಏಟು ಒಂದೇ, ತೋರಿಸಿದ್ದು ಮೂರು ಸಲ

ಇವತ್ತ ಸೂಪರ್ ಮಾರ್ಕೆಟ್‌ನಾಗ ಜ್ವಾಳ ತೂಗಿಸ್ಕೋತ ಒಬ್ಬರು ಅಕ್ಕಾರು ಅಂದ್ರು: "ನಿನ್ನಿ ಸೀರಿಯಲ್‌ನಾಗ ಅತ್ತಿ ಸೊಸಿ ಕಪಾಳಕ್ಕ ಒಂದೇ ಏಟು ಹೊಡದ್ಳು. ಮೂರು ಸಲ ತೋರಿಸಿದ್ರು ನೋಡ್ರಿ!"

ಲೆಕ್ಕ ಹಿಂಗದ.
ತಾಸಿಗೆ ಹೆಚ್ಚಂದ್ರ 10 ನಿಮಿಷ ಜಾಹೀರಾತು, 2 ನಿಮಿಷ ಚಾನೆಲ್‌ದ್ದೇ ಪ್ರೋಮೊ, ಇದು ನಿಯಮ.
ಅರ್ಧ ತಾಸಿನಾಗ ಕಥಿಗೆ ಸಿಗೋದು ಸುಮಾರು 24 ನಿಮಿಷ. ಅದರಾಗೂ ಮೊದಲ ನಿನ್ನಿ ಕಥಿ, ಕಡೀಕ ನಾಳಿನ ತುಣುಕು.

ದಿನಾ ಒಂದು ಸಂಚಿಕಿ ಬೇಕಲ್ಲ? ಹೊಸ ದೃಶ್ಯ ಬರೆದು, ಲೈಟ್ ಹಾಕಿ, ತಗಿಯೋದು ದುಬಾರಿ. ಅದೇ ಏಟು ನಿಧಾನ ಮಾಡಿ, ಮನ್ಯಾಗಿನ ಎಂಟು ಮಂದಿ ಮಾರಿ ಒಂದೊಂದೇ ತೋರಿಸಿದ್ರ ಅಗ್ಗ.
ಒಂದು ಮಾರಿಗೆ 4 ಸೆಕೆಂಡ್ ಹಿಡೀರಿ. ಅರ್ಧ ನಿಮಿಷ ಹೋತು!
(ಸೀರಿಯಲ್‌ನಾಗ ಎಲ್ಲರದೂ ಕೂಡು ಕುಟುಂಬ ಯಾಕ ಅಂತ ಈಗ ತಿಳೀತದ.)

ಬಿಗ್ ಬಾಸ್‌ದು ಉಲ್ಟಾ. ಅಲ್ಲಿ 24 ತಾಸಿನ ಚಿತ್ರೀಕರಣ ಕತ್ತರಿಸಿ ಸಣ್ಣದು ಮಾಡ್ತಾರ. ಯಾರ ಸಿಟ್ಟು ಉಳೀತು, ಯಾರ ನಗು ಹೋತು ಅನ್ನೋದೆಲ್ಲಾ ಎಡಿಟಿಂಗ್‌ನಾಗ.

11ನೇ ಸೀಸನ್‌ಗೆ ವೈಲ್ಡ್ ಕಾರ್ಡ್‌ನಾಗ ಬಂದ ಹಾವೇರಿ ಕಡಿ ಹನುಮಂತ 2025ರ ಜನವರಿಯಾಗ ಗೆದ್ದ, ತನ್ನ ಮಾತಿನ ಧಾಟಿ ಬಿಡದೇ.
ಸೀರಿಯಲ್‌ನವರಿಗೆ ಮಾತ್ರ ನಮ್ಮ ಕಡಿ ಮಾತು ಇನ್ನೂ ನಗಸ್ಲಾಕಷ್ಟೇ ಬೇಕು.