ಉಪ್ಪು ಹಾಕಿದ ಮೇಲೆ ಟೈಮರ್ ಒತ್ತಿ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲು ಕೇಳುವುದು ಲೇಸರ್ ಪವರ್ ಎಷ್ಟಿಡಬೇಕು ಅಂತ. ಅದು ಆಮೇಲೆ ನೋಡೋಣ, ಮೊದಲು ಟೈಮರ್ ತಗೊಂಡು ಬನ್ನಿ ಅಂತೀನಿ.

ಹಾಲಿನಲ್ಲಿ ಮೆಲಮೈನ್ (ಪ್ರೋಟೀನ್ ಹೆಚ್ಚಿದ್ದಂತೆ ತೋರಿಸಲು ಕಲಬೆರಕೆ ಮಾಡುವ ರಾಸಾಯನಿಕ) ಇದೆಯೇ ಎಂದು ರಾಮನ್ ಸ್ಪೆಕ್ಟ್ರೋಸ್ಕೋಪಿಯಲ್ಲಿ, ಅಂದರೆ ಲೇಸರ್ ಬೆಳಕು ಅಣುಗಳಿಗೆ ತಾಗಿ ಚದುರುವ ರೀತಿಯಿಂದ ಅವನ್ನು ಗುರುತಿಸುವ ವಿಧಾನದಲ್ಲಿ, ನೋಡುವುದು ನನ್ನ ಕೆಲಸ. 2008ರಲ್ಲಿ ಚೀನಾದ ಹಾಲಿನ ಪುಡಿ ಹಗರಣದ ನಂತರ ಈ ಪರೀಕ್ಷೆಗೆ ಎಲ್ಲಿಲ್ಲದ ಬೇಡಿಕೆ ಬಂತು. ಶಿಶು ಆಹಾರದ ಪುಡಿಯಲ್ಲಿ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ) ಒಪ್ಪುವ ಮಿತಿ ಕೆಜಿಗೆ 1 ಮಿಲಿಗ್ರಾಂ. 1928ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಬೆಳಕು ಹಾಯಿಸಿದ ಬಾಟಲಿಯಲ್ಲಿ ಶುದ್ಧ ದ್ರವವೇ ತುಂಬಿತ್ತು. ನಾವು ಹುಡುಕುವುದು ಹತ್ತು ಲಕ್ಷದಲ್ಲಿ ಒಂದು ಪಾಲು. ಬರೀ ಲೇಸರಿಗೆ ಅದು ಸಿಗುವುದಿಲ್ಲ.

ಅದಕ್ಕೇ ಚಿನ್ನದ ನ್ಯಾನೊ ಕಣಗಳು. ಬೆಳಕು ಬಿದ್ದಾಗ ಕಣದ ಎಲೆಕ್ಟ್ರಾನುಗಳೆಲ್ಲ ಒಟ್ಟಿಗೆ ತೂಗಾಡಿ ಮೇಲ್ಮೈ ಬಳಿಯ ವಿದ್ಯುತ್ ಕ್ಷೇತ್ರ ಹೆಚ್ಚುತ್ತದೆ. ಕ್ಷೇತ್ರ ಹತ್ತು ಪಟ್ಟಾದರೆ ರಾಮನ್ ಸಿಗ್ನಲ್ ಹೆಚ್ಚುಕಡಿಮೆ ಹತ್ತು ಸಾವಿರ ಪಟ್ಟು. ಆದರೆ ಒಂಟಿ ಕಣದಿಂದ ಹೆಚ್ಚು ಪ್ರಯೋಜನವಿಲ್ಲ. ಎರಡು ಕಣಗಳ ನಡುವಿನ ಒಂದೆರಡು ನ್ಯಾನೊಮೀಟರ್ ಸಂದಿಯಲ್ಲಿ ಅಣು ಸಿಕ್ಕಿಕೊಳ್ಳಬೇಕು. ಸಿಟ್ರೇಟ್ (ಸಿಟ್ರಿಕ್ ಆಮ್ಲದ ಲವಣ) ಹೊದ್ದ ಈ ಕಣಗಳಿಗೆ ಋಣ ಆವೇಶ, ಹತ್ತಿರ ಬರುವುದೇ ಇಲ್ಲ. ಉಪ್ಪು ಹಾಕಿದರೆ ಆ ವಿಕರ್ಷಣೆ ತಗ್ಗಿ ಗುಂಪುಗಟ್ಟುತ್ತವೆ.

ತಾಪತ್ರಯ ಇಲ್ಲೇ ಶುರು. ಗುಂಪುಗಟ್ಟುವುದು ಅಷ್ಟಕ್ಕೇ ನಿಲ್ಲುವುದಿಲ್ಲ. ಚಿನ್ನದ ಕಣಗಳ ದ್ರಾವಣದ ಮಾಣಿಕ್ಯದ ಕೆಂಪು ನೇರಳೆಗೆ ತಿರುಗಿ, ನೀಲಿ-ಬೂದಿಯಾಗಿ, ಕೊನೆಗೆ ವಯಲ್ (ಪುಟ್ಟ ಶೀಶೆ) ತಳದಲ್ಲಿ ಕಪ್ಪು ಗಷ್ಟು ಕೂರುತ್ತದೆ. ಸಿಗ್ನಲ್ ಏರಿ, ಸ್ವಲ್ಪ ಹೊತ್ತು ನಿಂತು, ಇಳಿಯುತ್ತದೆ. ಒಂದೇ ಸ್ಯಾಂಪಲ್ಲನ್ನು ಒಂದನೇ ನಿಮಿಷಕ್ಕೂ ಹತ್ತನೇ ನಿಮಿಷಕ್ಕೂ ಓದಿದರೆ ಎರಡು ಉತ್ತರ. ಆದ್ದರಿಂದ ಬ್ಲ್ಯಾಂಕ್ (ಮೆಲಮೈನ್ ಇಲ್ಲದ್ದು), ಸ್ಟ್ಯಾಂಡರ್ಡ್ (ಗೊತ್ತಿರುವಷ್ಟು ಮೆಲಮೈನ್ ಹಾಕಿದ್ದು), ಸ್ಯಾಂಪಲ್ ಎಲ್ಲಕ್ಕೂ ಉಪ್ಪು ಬಿದ್ದ ಮೇಲೆ ಅದೇ ನಿಮಿಷದಲ್ಲಿ ರೀಡಿಂಗ್. ಉಪ್ಪು ಯಾವಾಗಲೂ ಸ್ಯಾಂಪಲ್ ಬೆರೆತ ಮೇಲೆ. ಮೊದಲೇ ಹಾಕಿದರೆ ಕಣಗಳು ಅಂಟಿಕೊಂಡು ಸಂದಿಯೊಳಗೆ ಅಣುವಿಗೆ ಜಾಗವಿರುವುದಿಲ್ಲ.

ಹಾಲಿನದು ಬೇರೆಯೇ ರಗಳೆ. ಪ್ರೋಟೀನ್ ಪೂರ್ತಿ ತೆಗೆಯದಿದ್ದರೆ ಅದು ಚಿನ್ನಕ್ಕೆ ಕವಚ ಹೊದಿಸಿಬಿಡುತ್ತದೆ. ಉಪ್ಪು ಹಾಕಿದರೂ ವಯಲ್ ಕೆಂಪಗೇ ಇದ್ದರೆ, ಮೆಲಮೈನಿನ ಪೀಕ್ (ಗ್ರಾಫಿನಲ್ಲಿ ಏಳುವ ಶಿಖರ) ಇಲ್ಲ ಎಂದು ಖುಷಿಪಡಬೇಡಿ. ಮೆಲಮೈನ್ ಇದ್ದರೂ ಕಾಣುತ್ತಿರಲಿಲ್ಲ. ಇನ್ನು ಉಪ್ಪಿಗೂ ಮುಂಚೆಯೇ ನೀಲಿಯಾದರೆ ಎರಡು ಅನುಮಾನ: ಮೆಲಮೈನ್ ತಾನೇ ಕಣಗಳನ್ನು ಕೂಡಿಸಿರಬಹುದು, ಇಲ್ಲವೇ ಪ್ರೋಟೀನ್ ಬೇರ್ಪಡಿಸಲು ಹಾಕಿದ ಆಮ್ಲ ಉಳಿದಿರಬಹುದು. ಪಿಎಚ್ ನೋಡಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆಂದು ಪ್ರತಿ ವಯಲಿಗೂ ಗೊತ್ತಾದ ಪ್ರಮಾಣದಲ್ಲಿ ಬೆರೆಸುವ ವಸ್ತು) ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ನನಗೆ ಅಷ್ಟು ನಂಬಿಕೆಯಿಲ್ಲ: ಬೇರೆ ಅಣು ಹಾಕಿದರೆ ಅದೂ ಅದೇ ಮೇಲ್ಮೈಗೆ ಪೈಪೋಟಿ ಮಾಡುತ್ತದೆ. ಭಾರದ ಐಸೊಟೋಪ್ ಇರುವ ಮೆಲಮೈನೇ ಸರಿ, ಆದರೆ ದುಬಾರಿ. ನಾವು ಈ ವಿಧಾನವನ್ನು ಜರಡಿಯಾಗಿ ಮಾತ್ರ ಬಳಸುತ್ತೇವೆ. ರಾಮನ್ ಗ್ರಾಫಿನಲ್ಲಿ 700 ಸೆಂ.ಮೀ⁻¹ ಆಸುಪಾಸಿನಲ್ಲಿ ಮೆಲಮೈನಿನ ಪೀಕ್ ಎದ್ದ ಸ್ಯಾಂಪಲ್ ನೇರ ಎಲ್‌ಸಿ-ಎಂಎಸ್‌ಗೆ (ಘಟಕಗಳನ್ನು ಬೇರ್ಪಡಿಸಿ ಅಣುವಿನ ತೂಕದಿಂದ ಗುರುತಿಸಿ ಅಳೆಯುವ ಯಂತ್ರ) ಹೋಗುತ್ತದೆ, ಅಂಕಿ ಬರೆಯುವುದು ಅಲ್ಲಿ.