ಕತ್ತಲು ಅಂದ್ರೆ ಆಷಾಢ
ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ನಾನು ಸಭಾಪಾಲಕಿ. ಭಾನುವಾರಕ್ಕೆ ಮೂವತ್ತೈದು, ನಲವತ್ತು ಜನ ಸೇರುತ್ತಾರೆ. ಬೇರೆ ಧರ್ಮದ ನೆರೆಯವರೂ ಆಗಾಗ ಬಂದು ಕೂರುತ್ತಾರೆ, ಯಾಕೆ ಬಂದಿರಿ ಅಂತ ಯಾರೂ ಕೇಳಲ್ಲ. ಪ್ರತಿ ವಾರದ ಆರಾಧನೆಗೆ ವಿಷಯ ಆರಿಸಿ, ಬೈಬಲ್ ಪಾಠ, ಹಾಡು, ಪ್ರಸಂಗ (ಉಪದೇಶ) ಹೊಂದಿಸುವುದು ನನ್ನ ಕೆಲಸ.

ಬಂದ ಮೊದಲ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಕ್ಕೂ ಚಳಿಗಾಲದ ಕತ್ತಲು, ಅದರಲ್ಲಿ ಬರುವ ಬೆಳಕು ಅಂತಲೇ ವಿಷಯ ಇಟ್ಟಿದ್ದೆ. ಚಕ್ರದ ಹಾಗೆ ಜೋಡಿಸಿದ ನಾಲ್ಕು ಮೇಣದಬತ್ತಿಯಲ್ಲಿ ವಾರಕ್ಕೊಂದು ಜಾಸ್ತಿ ಹಚ್ಚುವುದು. ತುಂಬ ಚೆನ್ನಾಗಿ ಬಂತು ಅಂದುಕೊಂಡಿದ್ದೆ. ಎರಡನೇ ವಾರ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ನಿಲ್ಲಿಸಿದರು. ರಾತ್ರಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುವವರು, ಬೆರಳ ತುದಿಯೆಲ್ಲ ಚೊಗರು ಹಿಡಿದು ಕಪ್ಪಾಗಿತ್ತು. 'ಅಮ್ಮಾ, ಈಗೆಲ್ಲಿ ಕತ್ತಲು? ನಮ್ಗೆ ಕೈಯಲ್ಲಿ ನಾಲ್ಕು ಕಾಸು ಓಡಾಡೋದೇ ಈಗ ಅಲ್ವಾ. ಕತ್ತಲು ಅಂದ್ರೆ ಆಷಾಢ' ಅಂದರು.

ಅವರು ಹೇಳಿದ್ದು ಸರಿ. ಆ ಬತ್ತಿಯ ಚಕ್ರ ಶುರುವಾಗಿದ್ದು 1839ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಯೋಹಾನ್ ವಿಖೆರ್ನ್ ಎಂಬ ಪಾದ್ರಿ ಬಡ ಮಕ್ಕಳಿಗಾಗಿ ಹಳೇ ಗಾಡಿ ಚಕ್ರದ ಮೇಲೆ ಮೇಣದಬತ್ತಿ ಇಟ್ಟರು, ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಅಂತ ಮಕ್ಕಳು ಎಣಿಸಲಿ ಅಂತ. ಅಲ್ಲಿ ಡಿಸೆಂಬರ್‌ನಲ್ಲಿ ಹಗಲು ಅಂದರೆ ಏಳೂವರೆ ಗಂಟೆ. ಶಿವಮೊಗ್ಗದಲ್ಲಿ ವರ್ಷದ ಅತಿ ಸಣ್ಣ ಹಗಲೂ ಹನ್ನೊಂದು ಗಂಟೆ ದಾಟುತ್ತದೆ, ಅದೂ ಒಳ್ಳೇ ಬಿಸಿಲು, ಅಂಗಳದ ತುಂಬ ಅಡಿಕೆ ಒಣಗುವ ಕಾಲ.

ಇನ್ನೊಂದು ಆಮೇಲೆ ಹೊಳೆಯಿತು. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪಂಚಾಶತ್ತಮ ಹಬ್ಬ ಮುಗಿದ ಮೇಲೆ ನವೆಂಬರ್‌ವರೆಗೆ ಸಭೆಯ ಪಂಚಾಂಗದಲ್ಲಿ ದೊಡ್ಡ ಹಬ್ಬ ಕಮ್ಮಿ. ಪೀಠಕ್ಕೆ ಹಸಿರು ಬಟ್ಟೆ ಹಾಕಿದರೆ ತಿಂಗಳುಗಟ್ಟಲೆ ಅದೇ. ಆದರೆ ನಮ್ಮ ಜನಕ್ಕೆ ಎಲ್ಲ ಆಗುವುದು ಆಗಲೇ. ಮಳೆ, ನಾಟಿ, ಅಡಿಕೆಗೆ ಕೊಳೆ ರೋಗ, ಸಾಲ, ಜ್ವರ.

ಹಾಗಾಗಿ ಮುಂದಿನ ಜುಲೈನಲ್ಲಿ ದೀಪದ ಆರಾಧನೆ ಇಟ್ಟೆ. ನಾಲ್ಕು ದಿನದಿಂದ ಕರೆಂಟ್ ಇರಲಿಲ್ಲ. ಮನೆಯಲ್ಲಿ ಯಾವ ದೀಪ ಇದೆಯೋ ಅದನ್ನೇ ತನ್ನಿ ಅಂದಿದ್ದೆ. ಚಿಮಣಿ ಬಂತು, ಲಾಟೀನು ಬಂತು, ಟಾರ್ಚೂ ಬಂತು. ಬೆಳಗಾಗುವುದನ್ನೇ ಕಾಯುವ ಕಾವಲುಗಾರರ ಮಾತಿರುವ 130ನೇ ಕೀರ್ತನೆ ಓದಿದೆವು. ಪ್ರಸಂಗ ಮಾಡಲಿಲ್ಲ, ಈ ವಾರ ಹೇಗಿತ್ತು ಅಂತ ಕೇಳಿ ಸುಮ್ನೆ ಕೂತೆ. ಹೆಂಚಿನ ಮೇಲೆ ಮಳೆ ಎಷ್ಟು ಜೋರು ಅಂದರೆ ಮಾತು ಕೇಳಲು ಎಲ್ಲರೂ ಹತ್ತಿರ ಹತ್ತಿರ ಬಂದು ಕೂರಬೇಕಾಯಿತು. ಒಬ್ಬರು ಎದ್ದು ಜೇಬಿನಿಂದ ಐದಾರು ಎಳೆ ಅಡಿಕೆ ತೆಗೆದು ಮೇಜಿನ ಮೇಲಿಟ್ಟರು. ಹಸಿರು ಕಾಯಿ, ತೊಟ್ಟಿನ ಕಡೆ ಬಿಳಿ ಬೂಷ್ಟು. ಕೊಳೆ ಬರದಿರಲಿ ಅಂತ ಮಳೆಗೆ ಮುಂಚೆ ಒಂದು ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸಿದ್ದರು, ನಲವತ್ತೈದು ದಿನಕ್ಕೆ ಎರಡನೇ ಸಲ ಹೊಡೆಸಬೇಕು, ಆದರೆ ಮಳೆ ಬಿಡುವು ಕೊಟ್ಟಿರಲಿಲ್ಲ, ಜಾರುವ ಮರ ಹತ್ತಲು ಯಾರೂ ಒಪ್ಪಿರಲಿಲ್ಲ. 'ದಿನಾ ಬುಡದಲ್ಲಿ ಹೆಕ್ಕುತ್ತಿದ್ದೇನೆ' ಅಂದರು, ಅಷ್ಟೇ. ಆ ಕಾಯಿಗಳ ಪಕ್ಕದಲ್ಲೇ ಪ್ರಭು ಭೋಜನದ ರೊಟ್ಟಿ ಮುರಿದೆವು.

ಎಲ್ಲವೂ ಸಲೀಸಾಗಿ ಆಗಿಲ್ಲ. ಭೂಮಿ ಹುಣ್ಣಿಮೆ ಹೊತ್ತಿಗೆ, ಬಸುರಿ ಭೂಮಿಗೆ ಸೀಮಂತ ಮಾಡುವ ಆ ದಿನಗಳಲ್ಲಿ, ಪಕ್ಕದ ಮನೆಯ ದೀವರ ಸಮುದಾಯದ ಅಜ್ಜಿಯ ಹತ್ತಿರ ಕೇಳಿ, ಆ ಪೂಜೆಗೆ ಗದ್ದೆಗೆ ಒಯ್ಯುವ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯನ್ನು ಆರಾಧನೆಗೆ ತಂದಾಗ ಇಬ್ಬರು ಹಿರಿಯರು ಬೇಡ ಅಂದರು. ಇನ್ನೊಬ್ಬರ ಪೂಜೆಯ ವಸ್ತು ನಮ್ಮ ಅಲಂಕಾರ ಆಗಬಾರದು ಎನ್ನುವುದು ಅವರ ಮಾತು. ನನಗೆ ಅದು ನ್ಯಾಯ ಅನ್ನಿಸಿತು. ಈಗ ಅಜ್ಜಿಯೇ ಬಂದು ಆ ಹಬ್ಬದ ಬಗ್ಗೆ ಮಾತಾಡುತ್ತಾರೆ, ಬುಟ್ಟಿ ಅವರ ಮಡಿಲಲ್ಲೇ ಇರುತ್ತದೆ.

ಡಿಸೆಂಬರ್‌ನಲ್ಲಿ ನಾಲ್ಕು ಬತ್ತಿ ಈಗಲೂ ಹಚ್ಚುತ್ತೇವೆ, ಮಕ್ಕಳಿಗೆ ಇಷ್ಟ. ವಿಷಯ ಮಾತ್ರ ಕೊಯ್ಲು, ಕೂಲಿ, ಕೃತಜ್ಞತೆ. ಸುಲಿಯುವವರು ಮಲಗುವುದೇ ನಡುರಾತ್ರಿ ದಾಟಿದ ಮೇಲೆ, ಅದಕ್ಕೆ ಆ ತಿಂಗಳು ಆರಾಧನೆ ಒಂಬತ್ತಕ್ಕಲ್ಲ, ಹತ್ತೂವರೆಗೆ.